ಹಾಡು ಅನ್ನ ಕೊಡುವುದೇ? – ಸಾಣೇಹಳ್ಳಿಯಲ್ಲಿ ಕಳೆದ ಒಂದು ದಿನ

ಸಂಗೀತವು ಮನಸ್ಸನ್ನು ಶುದ್ಧಗೊಳಿಸುವ ಸಾಧನವೆಂದು ನಮ್ಮ ಹಿರಿಯರು ಮೊದಲಿನಿಂದಲೂ ಹೇಳುತ್ತ ಬಂದಿದ್ದಾರೆ. ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ನಾವೂ ಆ ಮಾತನ್ನು ಕೇಳಿ ತಲೆಯಾಡಿಸುತ್ತಿದ್ದೆವು. ಆದರೆ ಮನಸ್ಸನ್ನು ಶುದ್ಧಗೊಳಿಸುವ ಹಾಡುಗಾರನ ಮನೆಯ ಒಲೆ ಹೇಗೆ ಉರಿಯುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ಆ ದಿನಗಳಲ್ಲಿ ನಮ್ಮಲ್ಲಿ ಯಾರೂ ಕೇಳಲಿಲ್ಲ. ಕಳೆದ ಕಾರ್ತಿಕದಲ್ಲಿ ತರೀಕೆರೆ ಸೀಮೆಯ ಒಬ್ಬ ರೈತರು ಅದೇ ಪ್ರಶ್ನೆಯನ್ನು ನನ್ನ ಮುಂದಿಟ್ಟರು. ಉತ್ತರ ಕೊಡಲಾಗದೆ ನಾನು ತಡವರಿಸಿದೆ. ಆ ತಡವರಿಕೆಯ ಫಲವೇ ಈ ಲೇಖನ.

ಅವರು ನಮ್ಮ ಮನೆತನಕ್ಕೆ ಹಳೆಯ ಭಕ್ತರು. ಅಡಕೆ ತೆಂಗಿನ ಸ್ವಲ್ಪ ತೋಟವುಳ್ಳವರು. ಅವರ ಎರಡನೆಯ ಮಗಳು ಪಿ.ಯು.ಸಿ. ಓದುತ್ತಿದ್ದಾಳೆ. ಸಂಗೀತದಲ್ಲಿ ಜೂನಿಯರ್ ಪರೀಕ್ಷೆಯನ್ನು ಮುಗಿಸಿ ಸೀನಿಯರಿಗೆ ಕಟ್ಟಿದ್ದಾಳೆ. ಮುಂದೆ ಸಂಗೀತವನ್ನೇ ಪದವಿಗೆ ಓದುವೆನೆಂಬುದು ಅವಳ ಹಟ. "ಅಯ್ನೋರೆ, ಹಬ್ಬ ಹುಣ್ಣಿಮೇಲಿ ಹಾಡ್ಲಿ, ನಂಗೂ ಸಂತೋಷವೇ. ಆದರೆ ಹಾಡು ಅನ್ನ ಕೊಡ್ತದಾ? ಅದೊಂದು ಮಾತು ನೀವೇ ಹೇಳಿಬಿಡಿ, ನೀವು ಹೇಳಿದಂಗೆ ಕೇಳ್ತಾಳೆ" ಎಂದು ತಂದೆ ಕೇಳಿದರು. ಹುಡುಗಿ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. 'ಕೊಡುತ್ತದೆ' ಎಂದರೆ ತಂದೆಗೆ ಸುಳ್ಳು ಹೇಳಿದಂತೆ. 'ಕೊಡುವುದಿಲ್ಲ' ಎಂದರೆ ಮಗಳ ಕೊರಳನ್ನು ಹಿಚುಕಿದಂತೆ. "ಗೌಡ್ರೇ, ಒಂದು ದಿನ ನನ್ನ ಜೊತೆ ಸಾಣೇಹಳ್ಳಿಗೆ ಬನ್ನಿ, ಮಗಳನ್ನೂ ಕರೆತನ್ನಿ. ಅಲ್ಲಿ ನೋಡಿ ಕೇಳಿ ಆಮೇಲೆ ಮಾತಾಡೋಣ" ಎಂದೆ.

ಮೂರು ಊರುಗಳ ದಾರಿ

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಊರುಗಳನ್ನು ಬೀರೂರು ಜಂಕ್ಷನ್ ಒಂದಾಗಿ ಕಟ್ಟಿದೆ. ಬೆಂಗಳೂರಿನ ಕಡೆಯಿಂದ ಬಂದ ರೈಲುದಾರಿ ಕಡೂರನ್ನು ದಾಟಿ ಬೀರೂರಿನಲ್ಲಿ ಕವಲೊಡೆಯುತ್ತದೆ; ಒಂದು ಕವಲು ತರೀಕೆರೆ, ಭದ್ರಾವತಿಗಳ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಚಿಕ್ಕಜಾಜೂರಿನತ್ತ ಹೋಗಿ ಹುಬ್ಬಳ್ಳಿಯನ್ನು ಮುಟ್ಟುತ್ತದೆ. ನಮ್ಮ ಸೀಮೆಯ ಸಂಗೀತಾಭಿರುಚಿಗೂ ಈ ಕವಲಿಗೂ ಸಂಬಂಧವುಂಟೆಂದು ನನ್ನ ಎಣಿಕೆ. ದಕ್ಷಿಣದ ಗುಬ್ಬಿ ಕಂಪನಿಯ ಹಾಡುಗಳನ್ನೂ ಹುಬ್ಬಳ್ಳಿ ಧಾರವಾಡದ ಕಡೆಯ ಹಿಂದೂಸ್ಥಾನಿ ಧಾಟಿಯನ್ನೂ ನಮ್ಮ ಹಿರಿಯರು ಒಂದೇ ಕಿವಿಯಿಂದ ಕೇಳಿ ಬೆಳೆದವರು. 1884ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪನಿಯ ಮಟ್ಟುಗಳನ್ನು ಹೊಲದ ಬದುವಿನಲ್ಲಿ ಗುನುಗುವ ಮುದುಕರನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಅಜ್ಜಂಪುರದ ಕಲಾಸೇವಾ ಸಂಘದ ಹವ್ಯಾಸಿಗಳು ಪೌರಾಣಿಕ ನಾಟಕಗಳನ್ನು ಆಡಿ ಆ ರುಚಿಯನ್ನು ಉಳಿಸಿಕೊಂಡು ಬಂದವರು. ಕಡೂರು ತಾಲ್ಲೂಕಿನ ದೇವನೂರು ಜೈಮಿನಿ ಭಾರತವನ್ನು ರಚಿಸಿದ ಲಕ್ಷ್ಮೀಶನ ಊರು. ಆ ಕಾವ್ಯವನ್ನು ರಾಗವಾಗಿ ಓದಿ ಅರ್ಥ ಹೇಳುವ ಪದ್ಧತಿ ನಮ್ಮ ಹಳ್ಳಿಗಳ ಜಗಲಿಗಳಲ್ಲಿ ಬಹುಕಾಲ ಇತ್ತು. ವೀರಗಾಸೆಯವರ ಒಡಪು, ಸಂಬಾಳದ ಸದ್ದು ಇಲ್ಲದೆ ಈ ಕಡೆ ಒಂದು ಕೆಂಡಾರ್ಚನೆಯೂ ನಡೆಯುವುದಿಲ್ಲ. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ನಿಲಯ ಆರಂಭವಾದ ಮೇಲೆ ತೋಟದ ಮನೆಗೂ ಹಾಡು ಬಂದಿತು.

ನಾನು ಕಡೂರಿನಿಂದ ಬಸ್ಸು ಹಿಡಿದು ಅಜ್ಜಂಪುರಕ್ಕೆ ಬಂದೆ. ತಂದೆ ಮಗಳು ತರೀಕೆರೆಯ ಕಡೆಯಿಂದ ತಮ್ಮ ಜೀಪಿನಲ್ಲಿ ಬಂದು ಬಸ್‌ನಿಲ್ದಾಣದಲ್ಲಿ ಕಾದಿದ್ದರು. ಊರು ದಾಟುತ್ತಲೇ ಅಮೃತಮಹಲ್ ಕಾವಲಿನ ಬಯಲು, ಈರುಳ್ಳಿ ಕಿತ್ತ ಹೊಲಗಳು, ತೆನೆ ಬಾಗಿದ ರಾಗಿ. ಜಿಲ್ಲೆಯ ಗಡಿ ಎಲ್ಲಿ ಮುಗಿಯಿತು, ಹೊಸದುರ್ಗ ತಾಲ್ಲೂಕು ಎಲ್ಲಿ ಮೊದಲಾಯಿತು ಎಂದು ತಿಳಿಯದು. ದಾರಿಯುದ್ದಕ್ಕೂ ಹುಡುಗಿ ಒಂದು ಮಾತನ್ನೂ ಆಡಲಿಲ್ಲ. ಮಡಿಲಲ್ಲಿ ಒಂದು ನೋಟ್ ಪುಸ್ತಕವನ್ನು ಹಿಡಿದು ಕುಳಿತಿದ್ದಳು.

ಸಾಣೇಹಳ್ಳಿಯ ಬೆಳಗು

ಸಾಣೇಹಳ್ಳಿಯು ಸಿರಿಗೆರೆಯ ತರಳಬಾಳು ಬೃಹನ್ಮಠದ ಶಾಖಾಮಠವಿರುವ ಪುಟ್ಟ ಗ್ರಾಮ. ಧರ್ಮಪ್ರಸಾರಕ್ಕೆ ರಂಗಭೂಮಿಯನ್ನು ಬಳಸಿಕೊಳ್ಳುವ ಸಂಪ್ರದಾಯಕ್ಕೆ ಬೀಜವನ್ನು ಬಿತ್ತಿದವರು ಸಿರಿಗೆರೆಯ ಹಿರಿಯ ಜಗದ್ಗುರುಗಳಾದ ಲಿಂಗೈಕ್ಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳು (1914–1992). ಅವರು ಕಲಾಸಂಘವನ್ನು ಕಟ್ಟಿ, 'ಮರಣವೇ ಮಹಾನವಮಿ'ಯಂತಹ ನಾಟಕಗಳನ್ನು ತಾವೇ ಬರೆದು ಆಡಿಸಿದರು. ಪೀಠದಲ್ಲಿ ಕುಳಿತವರು ನಾಟಕ ಬರೆಯುವುದೇ ಎಂದು ಅಂದು ಮೂಗುಮುರಿದವರಿಗೂ ಕೊರತೆಯಿರಲಿಲ್ಲ. ಅವರ ಹೆಸರಿನಲ್ಲಿ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1987ರಲ್ಲಿ ಸಾಣೇಹಳ್ಳಿಯಲ್ಲಿ ಶಿವಕುಮಾರ ಕಲಾಸಂಘವನ್ನು ಸ್ಥಾಪಿಸಿದರು. 1997ರಲ್ಲಿ 'ಶಿವಸಂಚಾರ' ಎಂಬ ತಿರುಗಾಟದ ತಂಡ ಹುಟ್ಟಿತು. ಪ್ರತಿ ವರ್ಷ ಮೂರು ನಾಟಕಗಳನ್ನು ಸಿದ್ಧಪಡಿಸಿಕೊಂಡು ಊರೂರು ಸುತ್ತುವುದು ಆ ತಂಡದ ಕೆಲಸ. ರಂಗನಿರ್ದೇಶಕ ಸಿಜಿಕೆಯವರ ಒಡನಾಟ ಈ ಸಾಹಸಕ್ಕೆ ಬಲವನ್ನು ಕೊಟ್ಟಿತು. 2008ರಲ್ಲಿ ರಂಗಪ್ರಯೋಗ ಶಾಲೆಯೂ ಆರಂಭವಾಯಿತು. ಹೀಗೆ ರೈಲುನಿಲ್ದಾಣವಿಲ್ಲದ, ದೊಡ್ಡ ಹೋಟೆಲಿಲ್ಲದ ಒಂದು ಹಳ್ಳಿ ನಾಡಿನ ರಂಗಭೂಪಟದಲ್ಲಿ ಸೇರಿತು.

ನವೆಂಬರ್ ಮೊದಲ ವಾರದಲ್ಲಿ ಇಲ್ಲಿ ನಡೆಯುವ ನಾಟಕೋತ್ಸವದ ದಿನಚರಿಗೆ ಒಂದು ಕ್ರಮವುಂಟು. ಬೆಳಿಗ್ಗೆ ಚಿಂತನ, ಅನಂತರ ವಿಚಾರಗೋಷ್ಠಿ, ಮಧ್ಯಾಹ್ನ ದಾಸೋಹ, ಸಂಜೆ ಬಯಲು ರಂಗಮಂದಿರದಲ್ಲಿ ವಚನಗಾಯನ, ನೃತ್ಯ, ಉಪನ್ಯಾಸ, ಕೊನೆಗೆ ನಾಟಕ. ಕೇಳುವುದಕ್ಕೊಂದು ಹೊತ್ತು, ವಿಚಾರಿಸುವುದಕ್ಕೊಂದು ಹೊತ್ತು. ಬರಿಯ ಮನರಂಜನೆಯಾಗಿದ್ದರೆ ಸಂಜೆಯೊಂದೇ ಸಾಕಿತ್ತು. ಬರಿಯ ಉಪದೇಶವಾಗಿದ್ದರೆ ಬೆಳಗೊಂದೇ ಸಾಕಿತ್ತು.

ಬೆಳಗಿನ ಮಾತುಗಳನ್ನು ಕೇಳಿ ಎದ್ದಾಗ ಗೌಡರು, "ಎಲ್ಲ ಸರಿ ಅಯ್ನೋರೆ, ಇದು ಮಠ. ಮಠದಾಗೆ ಕಲೆಗೆ ಅನ್ನ ಐತೆ. ಮಠದ ಹೊರಗೆ?" ಎಂದರು. ಪ್ರಶ್ನೆ ನ್ಯಾಯವಾದುದೇ.

ಮರದ ನೆರಳಿನ ಪಾಠ

ದಾಸೋಹ ಮುಗಿದ ಮೇಲೆ ಬಿಡುವು. ನಾಟಕ ನೋಡಲೆಂದು ಬಂದಿದ್ದ ನನ್ನ ಹಳೆಯ ಪರಿಚಯದ ಹಾರ್ಮೋನಿಯಂ ವಾದಕರೊಬ್ಬರು ಮರದ ಕೆಳಗೆ ಕುಳಿತಿದ್ದರು. ಕಂಪನಿ ನಾಟಕಗಳಲ್ಲಿ ನುಡಿಸಿ, ಅನಂತರ ಜಾತ್ರೆ ಮದುವೆಗಳಲ್ಲಿ ಹಾಡಿ ಸಂಸಾರವನ್ನು ಸಾಗಿಸಿದವರು. ಅವರೊಡನೆ ಧ್ವನಿವರ್ಧಕದ ಕೆಲಸ ಬಲ್ಲ ಒಬ್ಬ ತರುಣ, ವಾದ್ಯಗೋಷ್ಠಿಯೊಂದರಲ್ಲಿ ಹಾಡುವ ಇನ್ನೊಬ್ಬ ತರುಣ. "ಈ ತಾಯಿ ಸಂಗೀತ ಓದಬೇಕಂತಾಳೆ. ನಿಮ್ಮ ಕಸುಬಿನ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಹೇಳಿ" ಎಂದು ನಾನು ಕೇಳಿಕೊಂಡೆ. ಅವರು ಹೇಳಿದರು, ಹುಡುಗಿ ಬರೆದುಕೊಂಡಳು. ಯಾವ ಪಾಠಶಾಲೆಯಲ್ಲೂ ನಾನು ಕೇಳದ ಪಾಠ ಅದು.

"ನಮ್ಮ ವರ್ಷ ಹನ್ನೆರಡು ತಿಂಗಳಿನದಲ್ಲ. ಶ್ರಾವಣ, ಗಣೇಶನ ಹಬ್ಬ, ಕಾರ್ತಿಕ, ಆಮೇಲೆ ಜಾತ್ರೆ, ಮದುವೆ. ಆಷಾಢದಾಗೆ ಹಾರ್ಮೋನಿಯಂ ಪೆಟ್ಟಿಗೆಯ ಬೀಗ ತೆಗೆಯೋದೇ ಇಲ್ಲ. ಕಾರ್ಯಕ್ರಮಕ್ಕೆ ಕೊಟ್ಟ ದುಡ್ಡು ಹಾಡಿದವನೊಬ್ಬನದಲ್ಲ. ತಬಲದವನಿಗೆ, ತಾಳದವನಿಗೆ, ಗಾಡಿಗೆ, ಊಟಕ್ಕೆ ಹಂಚಿ ಉಳಿದದ್ದು ನಮ್ಮದು. ಆದ್ದರಿಂದ ನಾನು ಪಾಠ ಹೇಳೋದನ್ನ ಬಿಡಲಿಲ್ಲ. ಹಾಡಿದ್ದು ಹಬ್ಬದ ಹೋಳಿಗೆ, ಪಾಠ ಹೇಳಿದ್ದು ದಿನದ ಮುದ್ದೆ" ಎಂದರು ಹಿರಿಯರು.

ಮಾತು ಧ್ವನಿಮುದ್ರಣದ ಕಡೆಗೆ ತಿರುಗಿತು. ಭಾರತದಲ್ಲಿ ಗ್ರಾಮಫೋನ್ ತಟ್ಟೆಗೆ ವ್ಯವಸ್ಥಿತವಾಗಿ ಹಾಡನ್ನು ಮುದ್ರಿಸಿಕೊಂಡದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಅಂದು ಹಾಡಿದ ಪ್ರಮುಖ ಗಾಯಕಿ ಗೌಹರ್ ಜಾನ್. ಸುಮಾರು ಮೂರು ನಿಮಿಷದ ಆ ತಟ್ಟೆಯ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ಮುದ್ರಿಸಿದ ಅಚ್ಚು ಜರ್ಮನಿಗೆ ಹೋಗಿ ಅಲ್ಲಿ ತಟ್ಟೆಯಾಗಿ ಬರಬೇಕಿತ್ತು. ಹಾಡಿದವರಾರೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಲೆಂದು ಈ ಏರ್ಪಾಡು. ಗಂಟೆಗಟ್ಟಲೆ ಹಾಡುತ್ತಿದ್ದ ರಾಗವನ್ನು ಮೂರು ನಿಮಿಷಕ್ಕೆ ಇಳಿಸುವ ವಿದ್ಯೆಯನ್ನೂ ಆ ಪೀಳಿಗೆ ಕಲಿಯಬೇಕಾಯಿತು. ನಮ್ಮ ಮಲ್ಲಿಕಾರ್ಜುನ ಮನ್ಸೂರರೂ ತರುಣರಾಗಿದ್ದಾಗಲೇ ತಟ್ಟೆಗಳಿಗೆ ಹಾಡಿ ನಾಡಿಗೆ ಪರಿಚಿತರಾದವರು. 1978ರಲ್ಲಿ ನಿಸಾರ್ ಅಹಮದರ ಗೀತೆಗಳನ್ನು ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ಹೊತ್ತು ಬಂದ 'ನಿತ್ಯೋತ್ಸವ'ದಿಂದ ಕನ್ನಡ ಸುಗಮಸಂಗೀತದಲ್ಲಿ ಧ್ವನಿಸುರುಳಿಯ ಕಾಲ ಮೊದಲಾಯಿತು. ಅಲ್ಲಿಂದ ಎರಡು ದಶಕ ಜಾತ್ರೆಯ ಬೀದಿಗಳಲ್ಲಿ ಬೆಂಡು ಬತ್ತಾಸಿನ ಅಂಗಡಿಗಳ ಪಕ್ಕದಲ್ಲೇ ಕ್ಯಾಸೆಟ್ಟಿನ ಅಂಗಡಿಗಳು ನಿಂತವು. ಈಗ ಅವೆಲ್ಲ ಹೋಗಿ ಹಾಡು ಮೊಬೈಲಿನಲ್ಲಿ ಸೇರಿದೆ.

"ನಾನೂ ಒಂದು ಕ್ಯಾಸೆಟ್ಟಿಗೆ ವಚನ ಹಾಡಿದ್ದೆ. ಒಂದೇ ಸಲ ದುಡ್ಡು ಕೊಟ್ಟು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಆ ಕಾಗದದಾಗೆ ಏನಿತ್ತು ಅಂತ ನಾನು ಓದಲಿಲ್ಲ. ಇವತ್ತಿಗೂ ಎಷ್ಟೋ ಊರಿನ ಗುಡಿ ಮೈಕಿನಾಗೆ ನನ್ನ ದನಿ ಬರ್ತದೆ. ಯಾರದು ಅಂತ ಕೇಳಿದರೆ 'ಯಾವುದೋ ಹಳೇ ಕ್ಯಾಸೆಟ್ಟು' ಅಂತಾರೆ." ಹಿರಿಯರು ನಕ್ಕರು. ನಮಗೆ ನಗು ಬರಲಿಲ್ಲ.

ಇಲ್ಲಿ ಓದುಗ ಬಂಧುಗಳು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆ 1957ರದು. ಹನ್ನೆರಡನೆಯ ಶತಮಾನದ ವಚನಗಳು ಯಾರೊಬ್ಬರ ಸ್ವತ್ತೂ ಅಲ್ಲ. ಅವನ್ನು ಯಾರಾದರೂ ಹಾಡಬಹುದು, ಅಚ್ಚು ಹಾಕಬಹುದು. ಆದರೆ ಇಂದಿನವರೊಬ್ಬರು ಆ ವಚನಕ್ಕೆ ಹಾಕಿದ ಹೊಸ ಧಾಟಿಗೆ ಒಡೆತನವುಂಟು. ಧ್ವನಿಮುದ್ರಣಕ್ಕೂ ಅದು ಹೊರಬಂದ ಮೇಲೆ ಅರವತ್ತು ವರ್ಷಗಳ ಸ್ವಾಮ್ಯವುಂಟು. ಹಾಡಿದವನಿಗೆ, ನುಡಿಸಿದವನಿಗೆ ಪ್ರತ್ಯೇಕವಾದ ಹಕ್ಕು ಇದೆಯೆಂದು ಕಾಯಿದೆ ಒಪ್ಪಿದ್ದು 1994ರ ತಿದ್ದುಪಡಿಯಿಂದ. 2012ರ ತಿದ್ದುಪಡಿಯು ಗೀತೆ ಬರೆದವರಿಗೂ ರಾಗ ಸಂಯೋಜಿಸಿದವರಿಗೂ ಗೌರವಧನದಲ್ಲಿ ಸಮಪಾಲು ಇರಬೇಕೆಂದೂ, ಆ ಪಾಲನ್ನು ಕಂಪನಿಗೆ ಬರೆದುಕೊಡುವಂತಿಲ್ಲವೆಂದೂ ವಿಧಿಸಿತು. ಹಾಡಿದವರಿಗೂ ವಾಣಿಜ್ಯ ಬಳಕೆಯ ಗೌರವಧನವನ್ನು ಪಡೆಯುವ ಹಕ್ಕನ್ನು ಕೊಟ್ಟಿತು. ನಿಜವಾದ ಧಾರ್ಮಿಕ ಕಾರ್ಯದಲ್ಲಿ, ಮದುವೆಯ ಮೆರವಣಿಗೆಯಲ್ಲಿ ಹಾಡಿಸಿದರೆ ಅದಕ್ಕೆ ಅನುಮತಿ ಬೇಡ. ಆ ವಿನಾಯಿತಿಯನ್ನು ಕಾಯಿದೆಯೇ ಕೊಟ್ಟಿದೆ. ಆದರೆ ಜಾತ್ರೆಯಲ್ಲಿ ಹಾಡಿದ್ದನ್ನು ಮುದ್ರಿಸಿಕೊಂಡು ಮಾರುವುದು ಆ ವಿನಾಯಿತಿಯೊಳಗೆ ಬರುವುದಿಲ್ಲ.

ವಾದ್ಯಗೋಷ್ಠಿಯ ತರುಣ ಇನ್ನೊಂದು ಸಂಕಟವನ್ನು ಹೇಳಿದ. ವೇದಿಕೆಯಲ್ಲಿ ಹಾಡುವಾಗ ಹತ್ತು ಮೊಬೈಲುಗಳು ಮುಂದೆ ನಿಲ್ಲುತ್ತವೆ. ಮರುದಿನ ಹಾಡು ಊರೂರಿಗೆ ಹೋಗಿರುತ್ತದೆ. ಹಾಡಿದವರ ಹೆಸರು ಮಾತ್ರ ಎಲ್ಲೋ ಉದುರಿಹೋಗಿರುತ್ತದೆ. ಒಂದು ಹಾಡನ್ನು ಒಬ್ಬರು ಒಂದು ಸಲ ಕೇಳಿದ್ದಕ್ಕೆ ಬರುವ ಹಣ ಪೈಸೆಗಳ ಲೆಕ್ಕದ್ದು. ಹೆಸರು ಉಳಿದರೆ ನಾಲ್ಕು ಊರಿನವರು ಕರೆದಾರು. ಹೆಸರೇ ಹೋದರೆ ಕರೆಯುವುದು ಯಾರನ್ನು?

ಆಗ ಹುಡುಗಿ ಮೊದಲ ಬಾರಿಗೆ ಬಾಯಿ ತೆರೆದಳು. "ತಾತ, ವಚನಕಾರರು ಅಂಕಿತ ಹಾಕ್ತಿದ್ರಲ್ಲ, ಅದಕ್ಕೇ ತಾನೇ ಯಾರ ವಚನ ಅಂತ ಇವತ್ತಿಗೂ ಗೊತ್ತಾಗೋದು?" ಎಂದಳು. ನಾನು ಅವಾಕ್ಕಾದೆ. ಅಂಕಿತವು ಶರಣರ ಸ್ವಂತ ಹೆಸರಲ್ಲ, ಅವರ ಇಷ್ಟದೈವದ ಹೆಸರು. ಅದರಲ್ಲಿ ಅಹಂಕಾರದ ಲೇಶವೂ ಇಲ್ಲ. ಆದರೂ ಎಂಟು ನೂರು ವರ್ಷಗಳ ಬಳಿಕ ಒಂದು ವಚನ ಬಸವಣ್ಣನವರದೋ ಅಕ್ಕನದೋ ಎಂದು ತಿಳಿಯಲು ನಮಗೆ ಮೊದಲ ಆಧಾರ ಅದೇ. ಅಂಕಿತವನ್ನು ಅಷ್ಟು ಜೋಪಾನವಾಗಿ ಕಾಯ್ದುಕೊಂಡ ಸಮಾಜ, ಆ ವಚನವನ್ನು ಹಾಡಿದ ಕೊರಳಿನ ಹೆಸರನ್ನು ಕಳೆಯಬಹುದೇ?

ಒಂದು ಹಳೆಯ ತಪ್ಪು

ಈ ಮಾತುಗಳ ನಡುವೆ ನನ್ನ ಮನಸ್ಸು ಬೇರೊಂದು ಕಡೆ ಹೋಗಿತ್ತು. ಅದನ್ನು ಇಲ್ಲಿ ಬರೆಯದೆ ಮುಂದುವರಿದರೆ ಈ ಲೇಖನ ಅಪ್ರಾಮಾಣಿಕವಾದೀತು.

1980ರ ದಶಕದ ಆರಂಭದ ಮಾತು. ನಾನಾಗ ಇಪ್ಪತ್ತರ ಪ್ರಾಯದ ತರುಣ. ಈ ಸೀಮೆಯದೇ ಒಂದು ಊರಿನ ಜಾತ್ರೆಯಲ್ಲಿ ಸಾಂಸ್ಕೃತಿಕ ಕಾರ್ಯಕ್ರಮದ ಹೊಣೆ ನನ್ನ ಮೇಲಿತ್ತು. ಉತ್ತರದ ಕಡೆಯಿಂದ ಒಬ್ಬ ಅಂಧ ಗವಾಯಿಗಳನ್ನು ಕರೆಸಿದ್ದೆವು. ಜೊತೆಯಲ್ಲಿ ಅವರ ಕೈಹಿಡಿದು ನಡೆಸುವ ಒಬ್ಬ ಬಾಲಕ. ಅಪರಾತ್ರಿಯವರೆಗೆ ಅವರು ಹಾಡಿದರು. ಜನ ಕದಲಲಿಲ್ಲ. ಕೊನೆಯಲ್ಲಿ ಶಾಲು ಹೊದಿಸಿ, ಹಾರ ಹಾಕಿ, ಫಲ ತಾಂಬೂಲ ಕೊಟ್ಟು, ಚಪ್ಪಾಳೆ ತಟ್ಟಿ ಬೀಳ್ಕೊಟ್ಟೆವು. ಸಂಭಾವನೆಯನ್ನು ಖಜಾಂಚಿ ಕೊಟ್ಟಾರೆಂದು ನಾನು ತಿಳಿದೆ; ನಾನು ಕೊಟ್ಟಿದ್ದೇನೆಂದು ಖಜಾಂಚಿ ತಿಳಿದರು.

ಬೆಳಗಿನ ಜಾವ ಬಂಧುಗಳೊಬ್ಬರನ್ನು ರೈಲು ಹತ್ತಿಸಲು ನಿಲ್ದಾಣಕ್ಕೆ ಹೋದಾಗ, ಕಲ್ಲು ಬೆಂಚಿನ ಮೇಲೆ ಹಾರ್ಮೋನಿಯಂ ಪೆಟ್ಟಿಗೆಗೆ ಒರಗಿ ಅವರು ಕುಳಿತಿದ್ದರು. ಬಾಲಕ ಆ ಶಾಲಿನೊಳಗೆ ಮುದುಡಿ ಮಲಗಿದ್ದ. ರಾತ್ರಿಯ ರೈಲು ಹೋಗಿತ್ತು; ಟಿಕೀಟಿಗೆ ಹಣವಿರಲಿಲ್ಲ. ನನ್ನ ದನಿಯನ್ನು ಗುರುತಿಸಿ ಅವರೇ ಮಾತಾಡಿಸಿದರು: "ಶಾಲು ಭಾಳ ಬೆಚ್ಚಗದರೀ. ಆದರ ಟಿಕೀಟು ಕೊಡೋ ಮಾಸ್ತರ ಶಾಲು ತೊಗೊಳ್ಳೂದಿಲ್ಲಲ್ರೀ." ನಿಂದೆಯ ಮಾತಲ್ಲ, ನಗೆಯ ಮಾತು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಜೇಬಿನಲ್ಲಿದ್ದುದನ್ನೆಲ್ಲ ತೆಗೆದು ಅವರ ಕೈಯಲ್ಲಿಟ್ಟೆ. ಅವರು ಬಾಲಕನನ್ನು ಎಬ್ಬಿಸಿ ಎಣಿಸಿದರು. ಮಾತಾಡಿದ್ದ ಸಂಭಾವನೆಯನ್ನೂ ದಾರಿಯ ಖರ್ಚನ್ನೂ ತೆಗೆದುಕೊಂಡು, ಮಿಕ್ಕ ಚಿಲ್ಲರೆಯನ್ನು ನನಗೇ ಹಿಂದಿರುಗಿಸಿದರು.

ಗಂಡ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಿರುಗಿಸಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾನು ಹಲವು ವೇದಿಕೆಗಳಲ್ಲಿ ಹೇಳಿದ್ದೆ. ಅದರ ಅರ್ಥ ತಿಳಿದದ್ದು ಆ ಕಲ್ಲು ಬೆಂಚಿನ ಮುಂದೆ. ನಾವು ಕೊಡದಿದ್ದುದು ದಾನವನ್ನಲ್ಲ, ಕೂಲಿಯನ್ನು. ಹಾಡುವುದು ಕಾಯಕವೆಂದು ಬಾಯಲ್ಲಿ ಹೇಳುವ ನಾವು ಆ ಕಾಯಕದ ಫಲವನ್ನು ಶಾಲಿನೊಳಗೆ ಮುಚ್ಚಿಬಿಟ್ಟಿದ್ದೆವು.

ಶರಣರ ಪರಂಪರೆಯಲ್ಲಿ ಈ ವಿಷಯಕ್ಕೆ ಗೊಂದಲವೇ ಇಲ್ಲ. ಅಕ್ಕಸಾಲಿಗರಾಗಿದ್ದ ಕಿನ್ನರಿ ಬ್ರಹ್ಮಯ್ಯನವರು ಆ ವೃತ್ತಿಯನ್ನು ತೊರೆದು ಕಲ್ಯಾಣಕ್ಕೆ ಬಂದು ಕಿನ್ನರಿಯನ್ನು ನುಡಿಸುವುದನ್ನೇ ಕಾಯಕವಾಗಿ ಮಾಡಿಕೊಂಡರು; ಅದರಿಂದ ಬಂದುದರಲ್ಲೇ ದಾಸೋಹವನ್ನು ನಡೆಸಿದರೆಂದು ಪುರಾತನರ ಚರಿತ್ರೆ ಹೇಳುತ್ತದೆ. ನಮ್ಮ ಕಾಲಕ್ಕೆ ಬಂದರೆ ಗದಗಿನ ವೀರೇಶ್ವರ ಪುಣ್ಯಾಶ್ರಮವಿದೆ. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892–1944) ಸ್ವತಃ ಅಂಧರು. ಅಂಧ ಅನಾಥ ಮಕ್ಕಳಿಗೆ ಅನ್ನವನ್ನೂ ನಾದವನ್ನೂ ಒಟ್ಟಿಗೆ ಕೊಟ್ಟವರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಆಶ್ರಮದ ಅನ್ನದಾಸೋಹ ನಿಲ್ಲದಿರಲೆಂದು ನಾಟಕ ಕಂಪನಿಯನ್ನೇ ನಡೆಸಿದರು. 'ಹಾಡು ಅನ್ನ ಕೊಡುವುದೇ' ಎಂಬ ಪ್ರಶ್ನೆಗೆ ಆ ಆಶ್ರಮದ ಪಂಕ್ತಿಯಲ್ಲಿ ಕುಳಿತು ಉಂಡ ಸಾವಿರಾರು ಮಕ್ಕಳೇ ಉತ್ತರ. ಬಸವರಾಜ ರಾಜಗುರುಗಳು ಆ ಗುರುಪರಂಪರೆಯಿಂದ ಬಂದವರೇ. ಮಲ್ಲಿಕಾರ್ಜುನ ಮನ್ಸೂರರು (1910–1992) ಧಾರವಾಡದ ಬಳಿಯ ಒಂದು ರೈತ ಮನೆತನದ ಹುಡುಗ. ನಾಟಕ ಕಂಪನಿಯ ಮೂಲಕ ಸಂಗೀತಕ್ಕೆ ಬಂದು, ಗ್ವಾಲಿಯರ್ ಮತ್ತು ಜೈಪುರ ಪರಂಪರೆಯ ಗುರುಗಳಲ್ಲಿ ಕಲಿತು, ಪದ್ಮವಿಭೂಷಣರಾದರು. ಕಛೇರಿಯ ಕೊನೆಗೆ ಅವರು ಹಾಡುತ್ತಿದ್ದ ವಚನಗಳಿಗಾಗಿ ಜನ ಕಾದು ಕುಳಿತಿರುತ್ತಿದ್ದರು. ಏಣಗಿ ಬಾಳಪ್ಪನವರು ಬಸವೇಶ್ವರರ ಪಾತ್ರದಲ್ಲಿ ವಚನಗಳನ್ನು ಹಾಡಿ ಹಳ್ಳಿಹಳ್ಳಿಗೆ ಮುಟ್ಟಿಸಿದರು. ಹೆಣ್ಣುಮಕ್ಕಳು ಹಾಡಿದರೆ ಬೀದಿಯಲ್ಲಿ ಹಂಗಿಸುತ್ತಿದ್ದ ಕಾಲದಲ್ಲೇ ಗಂಗೂಬಾಯಿ ಹಾನಗಲ್ಲರು ಆ ಹಂಗನ್ನು ನುಂಗಿ ಹಾಡಿದರು. ಇಂದು ಮೈಸೂರಿನ ಸಂಗೀತ ವಿಶ್ವವಿದ್ಯಾನಿಲಯಕ್ಕೆ ಅವರದೇ ಹೆಸರು.

ಆದರೆ ಇವರೆಲ್ಲರ ಹೆಸರನ್ನು ಹೇಳಿ ಗೌಡರ ಬಾಯಿ ಮುಚ್ಚಿಸುವುದು ನ್ಯಾಯವಲ್ಲ. ಒಬ್ಬ ಮನ್ಸೂರರ ಹಿಂದೆ ಕಲ್ಲು ಬೆಂಚಿನ ಮೇಲೆ ಕುಳಿತ ಎಷ್ಟೋ ಗವಾಯಿಗಳಿರುತ್ತಾರೆ.

ಸಂಜೆಯ ನಾದ

ಹೊತ್ತು ಮುಳುಗಿತು. ಬಯಲು ರಂಗಮಂದಿರದ ಮೆಟ್ಟಿಲುಗಳು ತುಂಬತೊಡಗಿದವು. ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ ಬಂದವರು, ಕಂಬಳಿ ಹೊದ್ದ ಮುದುಕರು, ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಂದಿರು, ಶಾಲೆಯ ಮಕ್ಕಳು. ಕಾರ್ತಿಕದ ಚಳಿ ಕಲ್ಲಿನಿಂದ ಮೈಗೆ ಏರುತ್ತಿತ್ತು.

ವಚನಗಾಯನ ಆರಂಭವಾಯಿತು. ಹಾಡಿದವರು ಎಳೆಯ ಕಲಾವಿದರು. ಪಕ್ಕದಲ್ಲಿ ಹಾರ್ಮೋನಿಯಂ, ತಬಲ, ತಾಳ. ವಚನಕ್ಕೆ ಪದ್ಯದಂತೆ ಕಟ್ಟಿದ ಛಂದಸ್ಸಿಲ್ಲ. ತಾಳಮಾನದ ಲೆಕ್ಕ ತನಗೆ ತಿಳಿಯದೆಂದು ಬಸವಣ್ಣನವರೇ ವಿನಯದಿಂದ ನುಡಿದಿದ್ದಾರೆ. ಆದ್ದರಿಂದ ವಚನವನ್ನು ತಾಳಕ್ಕೆ ಕೂರಿಸುವವನು ಬಹಳ ಎಚ್ಚರದಿಂದಿರಬೇಕು. ತಾಳಕ್ಕಾಗಿ ಮಾತನ್ನು ಎಳೆದರೆ ಅರ್ಥ ಕೆಡುತ್ತದೆ, ಮಾತಿಗಾಗಿ ತಾಳವನ್ನು ಬಿಟ್ಟರೆ ಹಾಡು ಕೆಡುತ್ತದೆ. ಸಿನಿಮಾದ ಧಾಟಿಗೆ ವಚನವನ್ನು ತುರುಕಿ ಹಾಡುವುದನ್ನು ಕೇಳಿ ನೊಂದ ನನ್ನ ಕಿವಿಗೆ ಅಂದಿನ ಹಾಡುಗಾರಿಕೆ ಹಿತವಾಯಿತು. ಒಂದೊಂದು ಮಾತೂ ಕೊನೆಯ ಮೆಟ್ಟಿಲಿನವರೆಗೆ ಬಿಡಿಬಿಡಿಯಾಗಿ ಕೇಳುತ್ತಿತ್ತು.

ನನ್ನ ಬಲಕ್ಕೆ ಕುಳಿತಿದ್ದ ಒಬ್ಬ ಅಜ್ಜಿ, ಎಡಕ್ಕೆ ಕುಳಿತಿದ್ದ ನಮ್ಮ ಹುಡುಗಿ, ಇಬ್ಬರೂ ಒಂದೇ ವಚನವನ್ನು ತುಟಿಯಲ್ಲೇ ಹಾಡಿಕೊಳ್ಳುತ್ತಿದ್ದರು. ಅಜ್ಜಿಗೆ ಅಕ್ಷರ ಬರುತ್ತಿತ್ತೋ ಇಲ್ಲವೋ, ವಚನ ಬರುತ್ತಿತ್ತು. ಹಾಡು ಹೊತ್ತು ತಂದಿರದಿದ್ದರೆ ಆ ಮಾತು ಆಕೆಯ ತುಟಿಯವರೆಗೆ ಬರುತ್ತಿತ್ತೇ? 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದ ಫ.ಗು. ಹಳಕಟ್ಟಿಯವರು ವಚನವನ್ನು ತಾಳೆಗರಿಯಿಂದ ಪುಸ್ತಕಕ್ಕೆ ತಂದರು. ಪುಸ್ತಕದಿಂದ ಜನರ ನಾಲಗೆಗೆ ತಂದವರು ಹಾಡುಗಾರರು. ಈ ಎರಡನೆಯ ಉಪಕಾರವನ್ನು ನಾವು ಇನ್ನೂ ಸರಿಯಾಗಿ ನೆನೆದಿಲ್ಲ.

ಅನಂತರ ನಾಟಕ. ನಡುವೆ ಗೌಡರ ಕಡೆಗೆ ನೋಡಿದೆ. ಅವರ ದೃಷ್ಟಿ ರಂಗದ ಪಾತ್ರಗಳ ಮೇಲಿರಲಿಲ್ಲ. ಒಂದು ಬದಿಯಲ್ಲಿ ಕುಳಿತು ಹಾಡುತ್ತಿದ್ದ ಒಬ್ಬ ಹುಡುಗಿಯ ಮೇಲಿತ್ತು.

ನಾನು ಹೇಳಿದ ಉತ್ತರ

ಹಿಂದಿರುಗುವಾಗ ಜೀಪಿನಲ್ಲಿ ಗೌಡರು ಮತ್ತೆ ಕೇಳಿದರು. ಈ ಸಲ ನಾನು ತಡವರಿಸಲಿಲ್ಲ.

"ಗೌಡ್ರೇ, ಹಾಡೊಂದೇ ನಿಶ್ಚಯವಾಗಿ ಅನ್ನ ಕೊಡ್ತದೆ ಅಂತ ನಾನು ಹೇಳೋದಿಲ್ಲ. ಅವಳು ಸಂಗೀತ ಓದಲಿ. ಜೊತೆಯಲ್ಲೇ ಪಾಠ ಹೇಳುವ ಯೋಗ್ಯತೆಯನ್ನೂ ಪಡೆಯಲಿ. ಎಲ್ಲ ಶಾಲೆಗಳಲ್ಲೂ ಸಂಗೀತದ ಮೇಷ್ಟರಿಲ್ಲ ನಿಜ. ಆದರೆ ಮಕ್ಕಳಿಗೆ ಮನೆಯಲ್ಲಿ ಹೇಳಿಕೊಡುವವರನ್ನು ಹುಡುಕುವ ತಾಯಂದಿರು ಕಡೂರಿನಲ್ಲೂ ಇದ್ದಾರೆ, ತರೀಕೆರೆಯಲ್ಲೂ ಇದ್ದಾರೆ. ಆಕಾಶವಾಣಿಯ ಧ್ವನಿಪರೀಕ್ಷೆಗೆ ಕೂರಲಿ. ಓದದೆ ಯಾವ ಕಾಗದಕ್ಕೂ ಸಹಿ ಹಾಕದಿರಲಿ. ಇಷ್ಟು ಅವಳ ಪಾಲಿನ ಕೆಲಸ. ಉಳಿದದ್ದು ನಮ್ಮ ಪಾಲಿನದು. ಹಾಡು ಅನ್ನ ಕೊಡ್ತದಾ ಅಂತ ನೀವು ನನ್ನ ಕೇಳಿದಿರಿ. ಹಾಡಿದವರಿಗೆ ನಾವು ಅನ್ನ ಕೊಡ್ತೀವಾ ಅಂತ ಮೊದಲು ನಮ್ಮನ್ನು ನಾವು ಕೇಳಿಕೊಳ್ಳಬೇಕು."

ಆ ಉಳಿದ ಪಾಲನ್ನು ಸದ್ಭಕ್ತರ ಮನೆಗಳಿಗೂ ಜಾತ್ರಾ ಸಮಿತಿಗಳಿಗೂ ಇಲ್ಲಿ ನಿವೇದಿಸುತ್ತೇನೆ. ಕಲಾವಿದರನ್ನು ಕರೆಯುವಾಗಲೇ ಸಂಭಾವನೆಯನ್ನು ಮಾತಾಡಿ, ಸ್ವಲ್ಪ ಭಾಗವನ್ನೂ ದಾರಿಯ ಖರ್ಚನ್ನೂ ಮುಂಗಡವಾಗಿ ಕೊಡಿರಿ. ಹೊಣೆಯನ್ನು ಒಬ್ಬರಿಗೇ ವಹಿಸಿರಿ. ಇಬ್ಬರಿಗೆ ವಹಿಸಿದರೆ ಏನಾಗುವುದೆಂದು ಮೇಲೆ ಹೇಳಿದ್ದೇನೆ. ಶಾಲಿನ ಖರ್ಚನ್ನು ಕಡಿಮೆ ಮಾಡಿ ಲಕೋಟೆಯನ್ನು ದಪ್ಪ ಮಾಡಿರಿ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದೆಂಬ ನಿಯಮ 2000ದಿಂದಲೂ ಇದೆ; ಭಾಷಣಗಳನ್ನು ಮೊಟಕುಗೊಳಿಸಿ ಹಾಡುವವರಿಗೆ ಹೊತ್ತಿರುವಾಗಲೇ ವೇದಿಕೆಯನ್ನು ಬಿಟ್ಟುಕೊಡಿರಿ. ಮೊಬೈಲಿನಲ್ಲಿ ಮುದ್ರಿಸಿಕೊಳ್ಳುವ ಮುನ್ನ ಒಂದು ಮಾತು ಕೇಳಿರಿ. ಕಳುಹಿಸುವಾಗ ಹಾಡಿದವರ, ನುಡಿಸಿದವರ ಹೆಸರನ್ನು ಬರೆಯಿರಿ. ಲಗ್ನಪತ್ರಿಕೆಯಲ್ಲಿ ಬಂಧುಗಳೆಲ್ಲರ ಹೆಸರನ್ನು ಅಚ್ಚು ಹಾಕಿಸುವ ನಾವು ಇದೊಂದು ಹೆಸರಿಗೆ ಜಾಗವಿಲ್ಲವೆನ್ನಬಾರದು.

ಅಜ್ಜಂಪುರ ತಲುಪಿದಾಗ ಬಸ್‌ನಿಲ್ದಾಣ ಬಿಕೋ ಎನ್ನುತ್ತಿತ್ತು. ಕಡೂರಿನವರೆಗೂ ಬಿಟ್ಟುಬರುವೆನೆಂದು ಗೌಡರು ಜೀಪನ್ನು ಬೀರೂರಿನ ದಾರಿಗೆ ತಿರುಗಿಸಿದರು. ಹುಡುಗಿ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದಳು. ನೋಟ್ ಪುಸ್ತಕ ಕೈಯಲ್ಲೇ ಇತ್ತು. ಬಹಳ ದೂರ ಅವರು ಸುಮ್ಮನಿದ್ದರು. ಬೀರೂರಿನ ರೈಲ್ವೆ ಗೇಟು ಮುಚ್ಚಿತ್ತು. ಜೀಪು ನಿಲ್ಲಿಸಿ, ದನಿ ತಗ್ಗಿಸಿ ಕೇಳಿದರು:

"ಅಯ್ನೋರೆ, ಒಂದು ಒಳ್ಳೇ ಹಾರ್ಮೋನಿಯಂಗೆ ಎಷ್ಟಾಗ್ತದೆ?"

ನನಗೆ ಬೆಲೆ ಗೊತ್ತಿರಲಿಲ್ಲ. ಮರದ ನೆರಳಿನಲ್ಲಿ ಪಾಠ ಹೇಳಿದ ಹಿರಿಯರನ್ನು ಕೇಳಿ ತಿಳಿಸುವೆನೆಂದೆ. ಮರುದಿನವೇ ಕೇಳಿ ತಿಳಿಸಿದೆ.